ಬೇಡಿಕೆ ಸಾಕು, ಲೆಕ್ಕ ಕೊಡಿ

ನಮ್ಮ ಚಿತ್ರದುರ್ಗಕ್ಕೆ ಭೂಕಂಪದ ಭಯ ಇಲ್ಲ. ನೆಲ ಗಟ್ಟಿ, ಕಲ್ಲು ಹಳೆಯದು. ಮರಡಿಹಳ್ಳಿಯ ಗುಡ್ಡಕ್ಕೆ ಹೋದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿ, ದಿಂಬುಗಳನ್ನು ಒಟ್ಟಿದ ಹಾಗೆ ಹೆಪ್ಪುಗಟ್ಟಿದ ಲಾವಾ ಬಂಡೆಗಳನ್ನು ಕೈಯಲ್ಲಿ ಮುಟ್ಟಬಹುದು. ದೇಶದ ಭೂಕಂಪ ನಕ್ಷೆಯಲ್ಲಿ ನಮ್ಮದು ಕಡಿಮೆ ಅಪಾಯದ ವಲಯ.

ಆದರೂ ಹೈಟಿ ದೇಶದಲ್ಲಿ ಭೂಕಂಪದ ನಂತರ ನಡೆದದ್ದನ್ನು ಓದುತ್ತಾ ಹೋದ ಹಾಗೆ ನಮ್ಮ ಜಿಲ್ಲೆಯ ಕಥೆಯನ್ನೇ ಓದುತ್ತಿದ್ದೇನೆ ಅನ್ನಿಸಿತು. ಈ ಮಾತು ಹೇಳಿದರೆ ಗೆಳೆಯರು ರೇಗುತ್ತಾರೆ. ಎಲ್ಲಿಯ ಲಕ್ಷಾಂತರ ಹೆಣ, ಎಲ್ಲಿಯ ಹೊಳಲ್ಕೆರೆಯ ಒಣಗಿದ ಅಡಿಕೆ ತೋಟ? ಅವರ ಸಿಟ್ಟು ನ್ಯಾಯವಾದದ್ದೇ. ಸಾವನ್ನು ತಕ್ಕಡಿಗೆ ಹಾಕುವ ಕೆಲಸಕ್ಕೆ ನಾನು ಹೊರಟಿಲ್ಲ. ಆದರೆ ಬರ ಮತ್ತು ಭೂಕಂಪ ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿರುವುದು ನಾನಲ್ಲ, ಸರ್ಕಾರ. ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿ ಯಾವ ಯಾವ ವಿಪತ್ತಿಗೆ ಅನ್ವಯಿಸುತ್ತದೆ ಎಂಬ ಪಟ್ಟಿ ತೆಗೆದು ನೋಡಿ, ಚಂಡಮಾರುತ, ಪ್ರವಾಹ, ಸುನಾಮಿ, ಭೂಕಂಪಗಳ ಜೊತೆಗೇ ಬರವೂ ಇದೆ. ಒಂದು ಅರೆ ನಿಮಿಷದಲ್ಲಿ ಮುಗಿಯುತ್ತದೆ, ಇನ್ನೊಂದು ತಲೆಮಾರುಗಟ್ಟಲೆ ನಡೆಯುತ್ತದೆ. ನಾನು ಹೋಲಿಸುತ್ತಿರುವುದು ಆಮೇಲಿನದನ್ನು. ಯಾರು ಘೋಷಿಸಿದರು, ಯಾರು ತೀರ್ಮಾನ ಮಾಡಿದರು, ಹಣದ ಪುಸ್ತಕ ಯಾರ ಕೈಯಲ್ಲಿತ್ತು ಎಂಬುದನ್ನು.

ಹೈಟಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಪತ್ರಿಕೆಗಳಲ್ಲಿ ಆ ದೇಶದ ಹೆಸರು ಬರುವುದು ಬಿರುಗಾಳಿ ಬೀಸಿದಾಗ ಅಥವಾ ಗುಂಡು ಹಾರಿದಾಗ ಮಾತ್ರ.

2010ರ ಜನವರಿ 12ರ ಸಂಜೆ ರಾಜಧಾನಿ ಪೋರ್ಟ್-ಓ-ಪ್ರಿನ್ಸ್ ಹತ್ತಿರ 7.0 ತೀವ್ರತೆಯ ಕಂಪನ. ಅಧ್ಯಕ್ಷರ ಅರಮನೆಯೇ ಕುಸಿದು ಕೂತಿತು. ಸತ್ತವರ ಲೆಕ್ಕ ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ, ಒಂದು ಲಕ್ಷದಿಂದ ಮೂರು ಲಕ್ಷದವರೆಗೆ ಬೇರೆ ಬೇರೆ ಸಂಖ್ಯೆಗಳಿವೆ. ಸುಮಾರು 15 ಲಕ್ಷ ಜನ ಮನೆ ಕಳೆದುಕೊಂಡರು. ಆರು ವಾರ ಕಳೆದ ಮೇಲೆ, ಫೆಬ್ರುವರಿ 27ರಂದು, ಚಿಲಿ ದೇಶದಲ್ಲಿ 8.8 ತೀವ್ರತೆಯ ಭೂಕಂಪ ಆಯಿತು. ಶಕ್ತಿಯ ಲೆಕ್ಕದಲ್ಲಿ ಹೈಟಿಯದಕ್ಕಿಂತ ಸುಮಾರು ಐನೂರು ಪಟ್ಟು ದೊಡ್ಡದು. ಅಲ್ಲಿ ಸತ್ತವರು ಐನೂರು ಚಿಲ್ಲರೆ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟ ಮೇಲೆ 'ಪ್ರಕೃತಿ ವಿಕೋಪ' ಎಂಬ ಪದವನ್ನು ನಾನು ಬಳಸುವುದು ಬಿಟ್ಟೆ.

ಹೈಟಿಯಲ್ಲಿ ಅಷ್ಟು ಜನ ಯಾಕೆ ಸತ್ತರು? 1804ರಲ್ಲಿ ಗುಲಾಮರೇ ದಂಗೆ ಎದ್ದು ಫ್ರಾನ್ಸಿನಿಂದ ಬಿಡಿಸಿಕೊಂಡ ದೇಶ ಅದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ನಮ್ಮ ಆಸ್ತಿ ಹೋಯಿತು, ಪರಿಹಾರ ಕೊಡಿ ಎಂದು 15 ಕೋಟಿ ಫ್ರಾಂಕ್ ಹೇರಿತು. ಆ ಆಸ್ತಿಯಲ್ಲಿ ಹೈಟಿಯ ಜನರ ಮೈಯೂ ಸೇರಿತ್ತು ಎಂಬುದನ್ನು ಗಮನಿಸಿ. ಮೊತ್ತ ಆಮೇಲೆ ಇಳಿಯಿತಾದರೂ ಅದನ್ನು ತೀರಿಸಲು ಮಾಡಿದ ಸಾಲ 1947ರವರೆಗೆ ಬೆನ್ನು ಬಿಡಲಿಲ್ಲ. ಇನ್ನೂ ಹತ್ತಿರದ ಕಾರಣ ಅಕ್ಕಿ. 1995ರಲ್ಲಿ ಹೊರಗಿನ ಒತ್ತಡಕ್ಕೆ ಮಣಿದು ಅಕ್ಕಿಯ ಆಮದು ಸುಂಕವನ್ನು ಶೇಕಡಾ 3ಕ್ಕೆ ಇಳಿಸಿದರು. ಅಮೆರಿಕದ ಅಗ್ಗದ ಅಕ್ಕಿ ಹರಿದು ಬಂತು, ಭತ್ತ ಬೆಳೆಯುವವರು ಗದ್ದೆ ಬಿಟ್ಟು ರಾಜಧಾನಿಯ ಗುಡ್ಡಗಳ ಮೇಲೆ ಕಳಪೆ ಕಾಂಕ್ರೀಟಿನ ಗೂಡು ಕಟ್ಟಿಕೊಂಡರು. ಭೂಕಂಪ ಬಂದಾಗ ಆ ಗೂಡುಗಳು ಉರುಳಿದವು. ಸುಂಕ ಇಳಿಸಿದಾಗ ಅಮೆರಿಕದ ಅಧ್ಯಕ್ಷರಾಗಿದ್ದವರು ಬಿಲ್ ಕ್ಲಿಂಟನ್. 2010ರ ಮಾರ್ಚ್‌ನಲ್ಲಿ ಅವರು ತಮ್ಮ ದೇಶದ ಸೆನೆಟ್ ಸಮಿತಿಯ ಮುಂದೆ, ಆ ಅಕ್ಕಿ ನೀತಿ ಅರ್ಕನ್ಸಾದ ಕೆಲವು ರೈತರಿಗೆ ಒಳ್ಳೆಯದಾಗಿರಬಹುದು, ಆದರೆ ಅದು ತಪ್ಪು ಎಂದು ಒಪ್ಪಿಕೊಂಡರು. ಕೆಲವೇ ವಾರಗಳಲ್ಲಿ ಹೈಟಿಯ ಪುನರ್ನಿರ್ಮಾಣ ಆಯೋಗದ ಸಹ ಅಧ್ಯಕ್ಷರಾಗಿ ಕೂತವರೂ ಅವರೇ. ನಮ್ಮ ಕಡೆ ಇದಕ್ಕೆ ಬೇಲಿಯೇ ಎದ್ದು ಹೊಲ ಮೇಯುವುದು ಅನ್ನುತ್ತಾರೆ. ಇಲ್ಲಿ ಮೇಯ್ದ ಬೇಲಿಗೇ ಮತ್ತೆ ಹೊಲ ಒಪ್ಪಿಸಿದ್ದರು.

2010ರ ಮಾರ್ಚ್ 31ರಂದು ನ್ಯೂಯಾರ್ಕಿನಲ್ಲಿ ದಾನಿ ರಾಷ್ಟ್ರಗಳ ಸಭೆ ನಡೆದು ಮೊದಲ ಎರಡು ವರ್ಷಗಳಿಗೆ 530 ಕೋಟಿ ಡಾಲರ್ ಘೋಷಣೆ ಆಯಿತು. ಖರ್ಚಿನ ತೀರ್ಮಾನಕ್ಕೆ ಕ್ಲಿಂಟನ್ ಮತ್ತು ಹೈಟಿಯ ಪ್ರಧಾನಿ ಬೆಲ್ರೀವ್ ಜಂಟಿ ಅಧ್ಯಕ್ಷತೆಯ ಮಧ್ಯಂತರ ಆಯೋಗ. ಅದೇ ವರ್ಷ ಡಿಸೆಂಬರಿನಲ್ಲಿ ಆಯೋಗದಲ್ಲಿದ್ದ ಹನ್ನೆರಡು ಹೈಟಿ ಸದಸ್ಯರು ಒಂದು ಪತ್ರ ಬರೆದರು. ನಮ್ಮನ್ನು ಕತ್ತಲಲ್ಲಿ ಇಟ್ಟಿದ್ದೀರಿ, ಯೋಜನೆಗಳು ನಮ್ಮ ಕಣ್ಣಿಗೆ ಬೀಳುವ ಮೊದಲೇ ಪಾಸಾಗಿರುತ್ತವೆ, ನಾವು ಇಲ್ಲಿ ರುಜು ಹಾಕುವುದಕ್ಕೆ ಮಾತ್ರ ಇದ್ದೇವೆ ಎಂಬುದು ಅದರ ಸಾರ. ತುರ್ತು ಪರಿಹಾರಕ್ಕೆ ಬಂದ ಹಣದಲ್ಲಿ ಹೈಟಿ ಸರ್ಕಾರದ ಕೈಗೆ ಸೇರಿದ್ದು ಶೇಕಡಾ ಒಂದರಷ್ಟು. ಉಳಿದದ್ದು ದಾನಿ ದೇಶಗಳ ಸ್ವಂತ ಸಂಸ್ಥೆ, ಗುತ್ತಿಗೆದಾರ, ಸೇನೆಗಳ ಮೂಲಕವೇ ಸುತ್ತಿತು. ಅಲ್ಲಿನ ಸರ್ಕಾರ ಭ್ರಷ್ಟ, ಅದಕ್ಕೇ ಕೊಡಲಿಲ್ಲ ಎಂದು ಸಮಜಾಯಿಷಿ. ಆದರೆ ಅಮೆರಿಕದ ರೆಡ್ ಕ್ರಾಸ್ ಹೈಟಿಯ ಹೆಸರಿನಲ್ಲಿ 50 ಕೋಟಿ ಡಾಲರಿನ ಹತ್ತಿರ ಹತ್ತಿರ ಸಂಗ್ರಹಿಸಿ ಕಟ್ಟಿದ ಶಾಶ್ವತ ಮನೆಗಳು ಆರು ಎಂದು ಆ ದೇಶದ್ದೇ ಪತ್ರಕರ್ತರು 2015ರಲ್ಲಿ ವರದಿ ಮಾಡಿದರು. ಲಕ್ಷಾಂತರ ಜನರಿಗೆ ಬೇರೆ ರೀತಿ ನೆರವಾಗಿದ್ದೇವೆ ಎಂದು ಆ ಸಂಸ್ಥೆ ವಾದಿಸಿತು. ಇರಬಹುದು. ಮನೆಯ ಲೆಕ್ಕ ಮಾತ್ರ ಆರು.

ಪುನರ್ನಿರ್ಮಾಣದ ಕಿರೀಟ ಎಂದು ತೋರಿಸಿದ ಕರಾಕೋಲ್ ಕೈಗಾರಿಕಾ ಪ್ರದೇಶ ಇನ್ನೂ ವಿಚಿತ್ರ. ಭೂಕಂಪ ಆದದ್ದು ದಕ್ಷಿಣದಲ್ಲಿ, ಇದನ್ನು ಕಟ್ಟಿದ್ದು ಏನೂ ಅಲುಗದ ಉತ್ತರದಲ್ಲಿ. ಅದಕ್ಕಾಗಿ ಒಳ್ಳೆಯ ಫಸಲಿನ ಭೂಮಿಯಿಂದ ಮುನ್ನೂರಕ್ಕೂ ಹೆಚ್ಚು ರೈತ ಕುಟುಂಬಗಳನ್ನು ಎಬ್ಬಿಸಿದರು. ಭೂಕಂಪ ಮುಟ್ಟದ ಜನರನ್ನು ಪುನರ್ನಿರ್ಮಾಣ ಬೀದಿಗೆ ತಂದಿತು. ರಾಲ್ ಪೆಕ್ ಎಂಬ ಹೈಟಿಯ ನಿರ್ದೇಶಕ ಈ ಎಲ್ಲವನ್ನೂ ಎರಡು ವರ್ಷ ಹಿಂಬಾಲಿಸಿ 2013ರಲ್ಲಿ ಮಾಡಿದ ಸಾಕ್ಷ್ಯಚಿತ್ರದ ಹೆಸರು 'ಮಾರಕ ನೆರವು'. ಈ ನಡುವೆ ವಿಶ್ವಸಂಸ್ಥೆಯ ಶಾಂತಿಪಾಲನಾ ಶಿಬಿರವೊಂದರ ಕೊಳಚೆ ಹೊಳೆಗೆ ಸೇರಿ ಕಾಲರಾ ಹಬ್ಬಿತು, ಹತ್ತು ಸಾವಿರದ ಹತ್ತಿರ ಜನ ಸತ್ತರು. ವಿಶ್ವಸಂಸ್ಥೆ ಕ್ಷಮೆ ಕೇಳುವ ಹೊತ್ತಿಗೆ 2016ರ ಡಿಸೆಂಬರ್ ಬಂದಿತ್ತು.

ಇನ್ನು ನಮ್ಮ ಕಡೆ ಬರುತ್ತೇನೆ. ದೆಹಲಿಯಲ್ಲಿ 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್ ಓದುತ್ತಾ ಹಣಕಾಸು ಸಚಿವರು ಕರ್ನಾಟಕದ ಬರಪೀಡಿತ ಮಧ್ಯಭಾಗಕ್ಕೆ, ಅಂದರೆ ಭದ್ರಾ ಮೇಲ್ದಂಡೆ ಯೋಜನೆಗೆ, 5,300 ಕೋಟಿ ರೂಪಾಯಿ ನೆರವು ಘೋಷಿಸಿದರು. ಅಲ್ಲಿ 530 ಕೋಟಿ ಡಾಲರ್, ಇಲ್ಲಿ 5,300 ಕೋಟಿ ರೂಪಾಯಿ. ಐವತ್ತಮೂರು ಎಂಬ ಅಂಕಿಗೂ ಉಳಿದ ಸೊನ್ನೆಗಳಿಗೂ ಏನು ನಂಟೋ ಕಾಣೆ. ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಇತ್ತು. ಘೋಷಣೆಯ ಫ್ಲೆಕ್ಸುಗಳು ಎದ್ದವು, ಸನ್ಮಾನಗಳಾದವು, ಪಟಾಕಿ ಹೊಡೆದರು. ಚುನಾವಣೆ ಮುಗಿಯಿತು, ಸರ್ಕಾರ ಬದಲಾಯಿತು. ಅಲ್ಲಿಂದ ಮುಂದೆ, ಕೊಟ್ಟಿಲ್ಲ ಎಂದು ರಾಜ್ಯ, ಸರಿಯಾದ ಕಾಗದಪತ್ರ ಕೊಡಿ ಎಂದು ಕೇಂದ್ರ. ಒಂದು ಪಕ್ಷಕ್ಕೆ ಆ ಮೊತ್ತ ಕೊಟ್ಟ ಮಾತು, ಇನ್ನೊಂದು ಪಕ್ಷಕ್ಕೆ ಅದೇ ಮೊತ್ತ ತಪ್ಪಿದ ಮಾತು. ಎರಡಕ್ಕೂ ವೇದಿಕೆಯಲ್ಲಿ ಬೆಲೆ ಇದೆ. ಹಣ ನಿಜವಾಗಿ ಬಂದುಬಿಟ್ಟರೆ ಇಬ್ಬರಿಗೂ ಮಾತಿನ ಸರಕು ಕಡಿಮೆಯಾಗುತ್ತದೆ.

ಗೊತ್ತಿಲ್ಲದವರಿಗೆ ಯೋಜನೆಯ ಗಾತ್ರ ಹೇಳಬೇಕು. ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಭದ್ರಾದಿಂದ 29.90 ಟಿಎಂಸಿ ಎತ್ತಿ ಅಜ್ಜಂಪುರದ ಹತ್ತಿರ ಸುರಂಗ ದಾಟಿಸಿ, ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆ, ತುಮಕೂರು ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಕೊಡಬೇಕು, 367 ಕೆರೆಗಳಿಗೆ ಅರ್ಧದಷ್ಟು ನೀರು ತುಂಬಬೇಕು. 2008ರಲ್ಲಿ ಅಂದಾಜು 6 ಸಾವಿರ ಕೋಟಿಯ ಒಳಗಿತ್ತು. ಆಮೇಲೆ 12 ಸಾವಿರ ಕೋಟಿ ದಾಟಿತು. ಈಗ 21 ಸಾವಿರ ಕೋಟಿ ದಾಟಿದೆ. ಹುಟ್ಟಿದ ಮಗು ಹೈಸ್ಕೂಲು ಮುಗಿಸುವಷ್ಟರಲ್ಲಿ ಅಂದಾಜು ಮೂರೂವರೆ ಪಟ್ಟು ಬೆಳೆದಿದೆ. ಯಾವ ಕಾಮಗಾರಿಗೆ ಎಷ್ಟು ಏರಿತು, ಯಾಕೆ ಏರಿತು ಎಂಬ ಒಂದು ಪುಟದ ಕನ್ನಡ ಕಾಗದ ಹೊಸದುರ್ಗದ ಯಾವ ಪಂಚಾಯಿತಿಯ ಗೋಡೆಯ ಮೇಲೂ ನಾನು ನೋಡಿಲ್ಲ.

ಇಲ್ಲಿ ನನ್ನ ತಕರಾರು ಶುರುವಾಗುತ್ತದೆ. ಅದು ದೆಹಲಿಯ ಮೇಲಿಗಿಂತ, ಬೆಂಗಳೂರಿನ ಮೇಲಿಗಿಂತ, ನಮ್ಮ ಜಿಲ್ಲೆಯವರ ಮೇಲೇ ಹೆಚ್ಚು. ಇಷ್ಟು ವರ್ಷಗಳ ಹೋರಾಟದಲ್ಲಿ ನಾವು ಕೇಳಿದ ಪ್ರಶ್ನೆ ಒಂದೇ, ಯಾವಾಗ ಕೊಡ್ತೀರಿ? ಧರಣಿ, ಬಂದ್, ಪಾದಯಾತ್ರೆ, ಮಠಾಧೀಶರನ್ನು ಮುಂದಿಟ್ಟುಕೊಂಡು ನಿಯೋಗ, ಕೊನೆಗೆ ಮನವಿ ಪತ್ರ. ಆ ಹೋರಾಟಗಾರರ ಬಗ್ಗೆ ನನಗೆ ಗೌರವ ಇದೆ, ಅವರಿಲ್ಲದಿದ್ದರೆ ಕಾಲುವೆಯ ಮಣ್ಣಿನ ದಿಬ್ಬಗಳೂ ನಮಗೆ ಕಾಣುತ್ತಿರಲಿಲ್ಲ. ಆದರೆ ಮನವಿ ಪತ್ರದ ಭಾಷೆಯನ್ನೇ ನೋಡಿ. 'ದಯಮಾಡಿ', 'ಕೃಪೆ ತೋರಿ', 'ಬೇಡಿಕೊಳ್ಳುತ್ತೇವೆ'. ಬೇಡುವವನಿಗೆ ಲೆಕ್ಕ ಕೇಳುವ ಹಕ್ಕು ಇರುವುದಿಲ್ಲ. ಬೇಡಿಕೆ ಎಂಬ ಪದವನ್ನು ನಾವು ಹಕ್ಕಿನ ಅರ್ಥದಲ್ಲಿ ಬಳಸುತ್ತೇವೆ ಅಂದುಕೊಂಡಿದ್ದೇವೆ. ಅದರ ಬೇರಿನಲ್ಲಿ ಬೇಡುವ ಕೈ ಇದೆ.

ಲೆಕ್ಕ ಕೇಳದಿದ್ದರೆ ಆಗುವುದೇನು ಎಂಬುದಕ್ಕೆ ಅಬ್ಬಿನಹೊಳಲು ಸಾಕ್ಷಿ. ಅಜ್ಜಂಪುರದ ಹತ್ತಿರದ ಈ ಊರಿನ ಬಳಿ ಸುಮಾರು ಎರಡು ಕಿಲೋಮೀಟರ್ ಕಾಲುವೆ ಭೂಸ್ವಾಧೀನದ ತಕರಾರಿನಿಂದ ವರ್ಷಗಟ್ಟಲೆ ನಿಂತಿತು. ಭೂಮಿ ಕಳೆದುಕೊಳ್ಳುವವರು ನ್ಯಾಯವಾದ ಪರಿಹಾರ ಕೇಳಿದರು. ನಮ್ಮ ಕಡೆ ಎಷ್ಟೋ ಜನ ಬೈದದ್ದು ಯಾರನ್ನು? ಆ ರೈತರನ್ನು. ಇಡೀ ಜಿಲ್ಲೆಯ ನೀರು ತಡೆದವರು ಅಂದರು. ಸಾವಿರಾರು ಕೋಟಿಯ ಯೋಜನೆಯಲ್ಲಿ ಎರಡು ಕಿಲೋಮೀಟರ್ ಭೂಮಿಯ ಬೆಲೆಯನ್ನು ಮೊದಲೇ ಕೂತು ತೀರ್ಮಾನಿಸದವರು ಯಾರು ಎಂದು ಕೇಳಿದ್ದು ಬಹಳ ಕಡಿಮೆ. ಕರಾಕೋಲಿನಲ್ಲೂ ಹೀಗೆಯೇ, ಅಭಿವೃದ್ಧಿಗೆ ಅಡ್ಡ ಬಂದವನು ಹೊಲದವನು.

ಬರಪೀಡಿತನನ್ನು ಬರಪೀಡಿತನ ಮೇಲೆ ಎತ್ತಿಕಟ್ಟುವುದು ಇಲ್ಲಿಗೇ ನಿಂತಿಲ್ಲ. ಹಿರಿಯೂರಿನ ವಾಣಿ ವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಕಟ್ಟಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು, 89 ವರ್ಷ. ಒಳ್ಳೆಯ ಮಳೆಯ ಜೊತೆಗೆ ಸುರಂಗದಿಂದ ಬಂದ ಭದ್ರೆಯ ನೀರೂ ಸೇರಿತ್ತು. ಊರಿಗೆ ಊರೇ ಜಾತ್ರೆಯ ಹಾಗೆ ಹೋಗಿ ನೋಡಿತು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು, ನಮ್ಮವೂ ಅದರಲ್ಲಿದ್ದವು. ತುಂಬಿದ ಅಣೆಕಟ್ಟಿನ ಜಿಲ್ಲೆಯಲ್ಲಿ ಅಡಿಕೆ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡರು. ಯೋಜನೆ ಹೇಳುವುದು ಹನಿ ನೀರಾವರಿ, ಕಡಿಮೆ ನೀರಿನ ಬೆಳೆ. ಹೊಳಲ್ಕೆರೆ, ಹೊಸದುರ್ಗದ ರೈತ ಬ್ಯಾಂಕಿನ ಸಾಲ ತಂದು ನೆಟ್ಟಿರುವುದು ಅಡಿಕೆ. ನೀರು ಬಂದ ದಿನ ಯಾರ ತೋಟಕ್ಕೆ ಎಷ್ಟು, ಬೋರು ಕೊರೆಸಲೂ ಗತಿಯಿಲ್ಲದ ಶೇಂಗಾ ಬೆಳೆಯುವವನಿಗೆ ಎಷ್ಟು ಎಂದು ತೀರ್ಮಾನಿಸುವವರು ಯಾರು? ನೀರು ಬಳಕೆದಾರರ ಸಂಘಗಳು ಕಾಗದದಲ್ಲಿವೆ. ಈ ಮಾತು ಎತ್ತಿದರೆ 'ಮೊದಲು ನೀರು ಬರಲಿ ಬಿಡಪ್ಪ' ಅನ್ನುತ್ತಾರೆ. ಹೈಟಿಯ ಆಯೋಗದವರೂ 'ಮೊದಲು ಕಟ್ಟಡ ಏಳಲಿ' ಎಂದೇ ಅವಸರಪಡಿಸಿದ್ದು.

ಭೂಕಂಪಕ್ಕೂ ನಮಗೂ ಇರುವ ಹತ್ತಿರದ ನಂಟು ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಮನೆಗಳು ಬಿದ್ದವು. ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ತೊಲೆ, ಮೇಲೆ ಹೇರಿದ ಮಣ್ಣು, ನಮ್ಮ ಬಯಲುಸೀಮೆಯ ಮಾಳಿಗೆ ಮನೆಯಂಥವೇ. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ, ನಮ್ಮ ಗಡಿಯ ಆಚೆಗೇ, ಹತ್ತು ಸಾವಿರದ ಹತ್ತಿರ ಜನ ಹೋದರು. ವಿಶ್ವಬ್ಯಾಂಕಿನ ಸಾಲ ತಂದು 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿದರು. ಮನೆಗಳು ಬೇಗ ಎದ್ದವು, ಅದನ್ನು ಮೆಚ್ಚಬೇಕು. ಆದರೆ ಬಹಳ ಕಡೆ ನೇರ ಗೆರೆ ಎಳೆದ ಬೀದಿ, ಸಾಲು ಸಾಲು ಒಂದೇ ಅಚ್ಚಿನ ಮನೆ, ದನ ಕಟ್ಟಲು ಜಾಗ ಇಲ್ಲ, ಹೊಲ ದೂರ. ಏಳು ವರ್ಷ ಕಳೆದ ಮೇಲೆ ಕಛ್‌ನಲ್ಲಿ ಭೂಕಂಪವಾದಾಗ ಗುಜರಾತಿನ ಬಹುಪಾಲು ಹಳ್ಳಿಯವರು ಊರು ಬಿಡಲು ಒಪ್ಪಲಿಲ್ಲ, ಹಣ ಕಂತಿನಲ್ಲಿ ನಮ್ಮ ಕೈಗೆ ಕೊಡಿ, ನಾವೇ ಕಟ್ಟಿಕೊಳ್ಳುತ್ತೇವೆ ಅಂದರು, ಹಾಗೇ ಕಟ್ಟಿದರು. ಹಣದ ಪುಸ್ತಕ ಯಾರ ಕೈಯಲ್ಲಿದೆ ಎಂಬುದು ಗೋಡೆ ಎಲ್ಲಿ ಏಳಬೇಕು ಎಂಬುದನ್ನೂ ತೀರ್ಮಾನಿಸುತ್ತದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಪುನರ್ನಿರ್ಮಾಣ ನಡೆಯಬೇಕಿದೆ, ಅದರ ಹಣ ಘೋಷಣೆಯಲ್ಲಲ್ಲ, ನಿಜವಾಗಿಯೂ ಇದೆ. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಗುಡ್ಡ ಅಗೆದು ಅದಿರು ಸಾಗಿಸಿದ ವರ್ಷಗಳಲ್ಲಿ ಭೀಮಸಮುದ್ರದ ಕಡೆ ಅಡಿಕೆ ಸೋಗೆಯೂ ಕೆಂಪಾಗಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ, ತುಮಕೂರಿನ ಗಣಿಗಳು ನಿಂತವು, 2013ರ ಏಪ್ರಿಲ್ ತೀರ್ಪಿನ ನಂತರ ನಿಯಮಕ್ಕೆ ಒಳಪಟ್ಟು ಕೆಲವು ಮತ್ತೆ ಶುರುವಾದವು. ಅದಿರು ಮಾರಾಟದ ಒಂದು ಪಾಲನ್ನು ಕಡ್ಡಾಯವಾಗಿ ತೆಗೆದಿಟ್ಟು, ಕೆಟ್ಟ ನೆಲ, ನೀರು, ಬದುಕನ್ನು ಸರಿಪಡಿಸಲು ಬಳಸಬೇಕು ಎಂದಾಯಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರಿಗಾಗಿ ಸುಮಾರು 25 ಸಾವಿರ ಕೋಟಿಯ ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ, ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿ ಅವರ ಮೇಲ್ವಿಚಾರಣೆಯ ಷರತ್ತಿನೊಂದಿಗೆ. ಅಷ್ಟು ವರ್ಷ ಹಣ ಖಾತೆಯಲ್ಲಿ ಬಡ್ಡಿ ತಿನ್ನುತ್ತಾ ಕೂತಿತ್ತು, ಧೂಳು ತಿಂದವರು ಕಾಯುತ್ತಾ ಕೂತಿದ್ದರು. ಈಗ ಆ ಹಣದ ಸುತ್ತ ರಸ್ತೆ, ಕಟ್ಟಡಗಳ ಪಟ್ಟಿ ಹಿಡಿದು ಓಡಾಡುವವರನ್ನು ನೋಡುತ್ತಿದ್ದೇನೆ. ಧೂಳು ಕುಡಿದ ಊರಿನ ಗ್ರಾಮಸಭೆಯಲ್ಲಿ ಆ ಪಟ್ಟಿ ಓದಿ ಹೇಳಿದ್ದನ್ನು ಮಾತ್ರ ನೋಡಿಲ್ಲ.

ಸಾಹಿತ್ಯದವರನ್ನೂ ಇಲ್ಲಿ ಬಿಡಬಾರದು. ದುರ್ಗದವರಾದ ನಮಗೆ ಕೋಟೆ ಬಿದ್ದ ದುಃಖ ಗೊತ್ತು. ತರಾಸು ಅದನ್ನು 'ದುರ್ಗಾಸ್ತಮಾನ'ದಲ್ಲಿ ಬರೆದರು, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು, ನಾವೆಲ್ಲ ಓದಿ ಬೆಳೆದೆವು. ಆಮೇಲೆ ಒನಕೆ ಓಬವ್ವ, ಮದಕರಿ ನಾಯಕರ ಸುತ್ತಲೇ ನಮ್ಮ ಪದ್ಯ, ನಾಟಕ, ಉತ್ಸವ ಸುತ್ತುತ್ತಿವೆ. ಇನ್ನೂರ ನಲವತ್ತು ವರ್ಷಕ್ಕೂ ಹಿಂದಿನ ಮುತ್ತಿಗೆ ಬಗ್ಗೆ ಇಷ್ಟು ಬರೆಯುವ ನಾವು ಕಣ್ಣೆದುರಿನ ಮುತ್ತಿಗೆ ಬಗ್ಗೆ ಎಷ್ಟು ಬರೆದಿದ್ದೇವೆ? ಹೈಟಿಯ ಲೇಖಕ ದಾನಿ ಲಾಫೆರಿಯೇರ್ ಭೂಕಂಪದ ದಿನ ಸಾಹಿತ್ಯೋತ್ಸವಕ್ಕೆಂದು ಪೋರ್ಟ್-ಓ-ಪ್ರಿನ್ಸಿನಲ್ಲೇ ಇದ್ದರು, ಕಂಡದ್ದನ್ನು ಬರೆದರು. ನಮ್ಮಲ್ಲಿ ಸಾಣೇಹಳ್ಳಿಯಂಥ ರಂಗಭೂಮಿ ಇದೆ, ಹೊಸದುರ್ಗ ತಾಲ್ಲೂಕಿನ ಆ ಹಳ್ಳಿಗೆ ನಾಟಕ ನೋಡಲು ಸಾವಿರಾರು ಜನ ಬರುತ್ತಾರೆ. ಒಂದು ಕಾಮಗಾರಿಯ ಅಂದಾಜುಪಟ್ಟಿಯನ್ನು ಹಾಗೆಯೇ ಸಂಭಾಷಣೆ ಮಾಡಿ ಆಡಿಸಿದರೂ ಒಳ್ಳೆಯ ಪ್ರಹಸನ ಆದೀತು.

ಲೆಕ್ಕ ಕೇಳಿ ಹೈಟಿಯವರು ಏನು ಸಾಧಿಸಿದರು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವೆನೆಜುವೆಲಾ ಸಾಲದಲ್ಲಿ ಕೊಡುತ್ತಿದ್ದ ಎಣ್ಣೆಯ ಹಣ ಭೂಕಂಪದ ನಂತರದ ಕಾಮಗಾರಿಗಳಿಗೂ ಹೋಗಿತ್ತು. ಅದಕ್ಕೆ ಪೆಟ್ರೋಕರಿಬೆ ನಿಧಿ ಎಂದು ಹೆಸರು. 2018ರಲ್ಲಿ ಒಬ್ಬ ಸಿನಿಮಾದವನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಪೆಟ್ರೋಕರಿಬೆ ಹಣ ಎಲ್ಲಿ ಎಂದು ಬರೆದ ರಟ್ಟು ಹಿಡಿದು ನಿಂತ ಫೋಟೊ ಹಾಕಿದ. ಆ ಒಂದು ಸಾಲು ಹಿಡಿದು ಲಕ್ಷಾಂತರ ಜನ ಬೀದಿಗೆ ಬಂದರು. ಲೆಕ್ಕಪರಿಶೋಧಕರ ವರದಿಯಲ್ಲಿ ಅಧ್ಯಕ್ಷ ಮೊಯೀಸ್ ಅವರ ಸ್ವಂತ ಕಂಪನಿಯ ಹೆಸರೂ ಬಂತು. 2021ರ ಜುಲೈ 7ರಂದು ಮೊಯೀಸ್ ಅವರನ್ನು ಮನೆಯಲ್ಲೇ ಕೊಂದರು, ಅಗಸ್ಟಿನಲ್ಲಿ 7.2 ತೀವ್ರತೆಯ ಇನ್ನೊಂದು ಭೂಕಂಪ, ಆಮೇಲೆ ರಾಜಧಾನಿ ಬಂದೂಕಿನ ಗುಂಪುಗಳ ಪಾಲು. ಪ್ರಶ್ನೆ ಸರಿಯಾಗಿತ್ತು, ಆದರೆ ಎಂಟು ವರ್ಷ ತಡವಾಗಿತ್ತು. ಉತ್ತರಿಸಬೇಕಾದ ಕಚೇರಿಗಳು ಅಷ್ಟರಲ್ಲಿ ಟೊಳ್ಳಾಗಿದ್ದವು, ಅವನ್ನು ತಪ್ಪಿಸಿ ಹಣ ಹರಿಸಿದವರೇ ಅವನ್ನು ಟೊಳ್ಳು ಮಾಡಿದ್ದರು.

ನಮ್ಮ ಕಚೇರಿಗಳು ಇನ್ನೂ ನಿಂತಿವೆ. ಲೆಕ್ಕ ಕೇಳಿದರೆ ಹಣ ಮೇಲೆ ಬರುತ್ತದೆ ಎಂಬುದಕ್ಕೆ ಆ ಗಣಿ ಹಣವೇ ಸಾಕ್ಷಿ, ಅದು ಯಾರ ಬೇಡಿಕೆಯಿಂದಲೂ ಬಂದದ್ದಲ್ಲ, ಅಗೆದದ್ದೆಷ್ಟು, ಕಟ್ಟಿದ್ದೆಷ್ಟು ಎಂದು ಕೇಳಿದ್ದರಿಂದ ಬಂದದ್ದು. 2023ರ ಬರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ, ಕೇಂದ್ರ ಕೊಟ್ಟದ್ದು 3,454 ಕೋಟಿ, ಅದೂ ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ಬಡಿದ ಮೇಲೆ, 2024ರ ಏಪ್ರಿಲಿನಲ್ಲಿ. ರಾಜ್ಯ ಕೇಂದ್ರವನ್ನು ಲೆಕ್ಕ ಕೇಳಬಹುದಾದರೆ ಊರು ರಾಜ್ಯವನ್ನು ಕೇಳಬಾರದೇ? ರಾಜಸ್ಥಾನದ ಹಳ್ಳಿಗಳ ಕೂಲಿಗಳು 1994ರಿಂದ ಬಯಲಲ್ಲಿ ಶಾಮಿಯಾನ ಹಾಕಿ, ಹಾಜರಿ ಪುಸ್ತಕ ತಂದು, ಕಾಮಗಾರಿಯ ಬಿಲ್ಲುಗಳನ್ನು ಗಟ್ಟಿಯಾಗಿ ಓದಿಸಿದರು. ಸತ್ತವರ ಹೆಸರಿನಲ್ಲಿ ಕೂಲಿ, ಕಟ್ಟದ ಚೆಕ್‌ಡ್ಯಾಮು ಎಲ್ಲ ಅಲ್ಲೇ ಹೊರಬಿತ್ತು. ನಮ್ಮ ಹಣ, ನಮ್ಮ ಲೆಕ್ಕ ಎಂಬ ಅವರ ಕೂಗೇ ಮುಂದೆ 2005ರ ಮಾಹಿತಿ ಹಕ್ಕು ಕಾಯಿದೆಗೆ ದಾರಿ ಮಾಡಿತು.

ಈ ಲೇಖನ ಓದುವವರಲ್ಲಿ ಕಾಲೇಜಿನವರು ಬಹಳ ಇದ್ದೀರಿ, ಆದ್ದರಿಂದ ಕೊನೆಗೊಂದು ಬರವಣಿಗೆಯ ಕೆಲಸ. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು, ಶುಲ್ಕ ಹತ್ತು ರೂಪಾಯಿ. ಅಷ್ಟು ಪದ ಧಾರಾಳವಾಗಿ ಸಾಕು: 'ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನಮ್ಮ ತಾಲ್ಲೂಕಿನ ವ್ಯಾಪ್ತಿಯಲ್ಲಿ ಇದುವರೆಗೆ ಬಿಲ್ಲು ಪಾವತಿಯಾದ ಕಾಮಗಾರಿಗಳು ಯಾವುವು, ಪ್ರತಿಯೊಂದರ ಮೊದಲ ಅಂದಾಜು ಎಷ್ಟು, ಈಗಿನ ಅಂದಾಜು ಎಷ್ಟು, ಕೊಟ್ಟ ಮೊತ್ತ ಎಷ್ಟು, ಕೆಲಸ ಮುಗಿದಿದೆಯೇ?' ಹಿರಿಯೂರಿನಿಂದ ಒಂದು, ಹೊಸದುರ್ಗದಿಂದ ಒಂದು, ಹೊಳಲ್ಕೆರೆಯಿಂದ ಒಂದು, ದುರ್ಗದಿಂದ ಒಂದು. ಉತ್ತರ ಕೊಡಲು ಕಾಯಿದೆ ಅವರಿಗೆ ಮೂವತ್ತು ದಿನ ಕೊಟ್ಟಿದೆ.